ಮೊಟ್ಟೆಯ ತೊಗಲು

"ಎಲ್ಲಿಗೆ ಹೊಂಟೇವಿ ಮಾಮಾ?" ಎಂದು ಅಮರಪ್ಪ ಕೇಳಿದಾಗ ಇದು ಐದನೆಯ ಸಲವೋ ಆರನೆಯದೋ ಎಂದು ಬುಡ್ಡೇಸಾಬ ಒಂದು ಗಳಿಗೆ ಯೋಚಿಸಿದ. ಎಣಿಸಬಾರದು ಎಂದು ವಿಜಾಪುರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತುವಾಗಲೇ ತನಗೆ ತಾನೇ ಹೇಳಿಕೊಂಡಿದ್ದ; ಆದರೂ ಎಣಿಸುತ್ತಿದ್ದೇನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. "ಬಬಲೇಶ್ವರಕ್ಕ," ಎಂದ. "ಯಾಕ?" "ಔಷಧಕ್ಕ." "ಯಾರಿಗೆ ಆರಾಮಿಲ್ಲ?" ಈ ಪ್ರಶ್ನೆಗೆ ಮೊದಲನೆಯ ಸಲ "ನಿನಗ" ಎಂದುಬಿಟ್ಟಿದ್ದ. ಆಗ ಅಮರಪ್ಪ ಗಾಬರಿಯಾಗಿ ತನ್ನ ಎದೆ, ಹೊಟ್ಟೆ, ಮೊಣಕೈಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಂಡಿದ್ದ, ಎಲ್ಲೋ ಕಳೆದುಕೊಂಡ ಸಾಮಾನು ಹುಡುಕುವವನ ಹಾಗೆ. ಎರಡನೆಯ ಸಲ "ನಿಮ್ಮವ್ವಗ" ಎಂದಾಗ ಮುಂದಿನ ಸೀಟಿನಲ್ಲಿ ಕೂತಿದ್ದ ತಾಯಿಯ ಬೆನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಿದ್ದ. ಮೂರನೆಯ ಸಲದಿಂದ ಬುಡ್ಡೇಸಾಬ "ನನಗಲೇ. ಮಣಕಾಲು" ಎನ್ನಲು ಸುರುಮಾಡಿದ್ದ. ಅಂದಾಗೆಲ್ಲ ಅಮರಪ್ಪ ತನ್ನ ಅಗಲವಾದ ಅಂಗೈಯನ್ನು ಅವನ ಮೊಣಕಾಲ ಮೇಲಿಟ್ಟು ಮೆತ್ತಗೆ ಒತ್ತಿ, "ಆರಾಮಾಗ್ತೈತಿ ತಗೋ ಮಾಮಾ" ಎನ್ನುತ್ತಿದ್ದ. ಈಗಲೂ ಹಾಗೇ ಒತ್ತಿದ. ಒತ್ತಿದ ಕೈ ತೆಗೆಯುವುದನ್ನು ಮರೆತು ಕಿಟಕಿಯಾಚೆ ನೋಡುತ್ತ ಕೂತ.

ಕೈ ಅಲ್ಲೇ ಇತ್ತು. ನಲವತ್ತು ವರ್ಷದ ಗಟ್ಟಿ ಗಂಡಸಿನ ಕೈ. ಸ್ಟೇಷನ್ ರಸ್ತೆಯ ಅರಳೆ ಗೋದಾಮಿನಲ್ಲಿ ಗಂಟುಗಳನ್ನು ಎತ್ತಿ ಎತ್ತಿ ಬೆರಳಿನ ಬುಡದಲ್ಲೆಲ್ಲ ಜಡ್ಡುಗಟ್ಟಿದ ಕೈ. ಎರಡು ವರ್ಷದ ಹಿಂದೆ ಆ ಗೋದಾಮಿನಿಂದ ಇಬ್ರಾಹಿಂಪುರದ ಮನೆಗೆ ಬರುವಾಗ ಒಂದು ಸಂಜೆ ಅಮರಪ್ಪ ರೈಲ್ವೆ ಗೇಟಿನ ಹತ್ತಿರ ನಿಂತುಬಿಟ್ಟಿದ್ದ. ಗೇಟು ತೆರೆದಿತ್ತು, ಜನ ದಾಟುತ್ತಿದ್ದರು, ಇವನು ಮಾತ್ರ ದಾಟದೆ, ಯಾರಾದರೂ ಕೇಳಿದರೆ ಗಾಡಿ ಬರೂದೈತಿ ಎನ್ನುತ್ತಿದ್ದನಂತೆ. ಅಂದು ಎಲ್ಲರೂ ನಕ್ಕರು. ಆಮೇಲೆ ಚಪ್ಪಲಿಯನ್ನು ನೀರಿನ ಕೊಡದ ಪಕ್ಕದಲ್ಲಿಟ್ಟ, ಊಟ ಮಾಡಿ ಎದ್ದು ಊಟಕ್ಕೆ ಕರೆಯಲಿಲ್ಲವೆಂದು ಹೆಂಡತಿಯ ಮೇಲೆ ತಾಟು ಎಸೆದ, ಆಮೇಲೆ ಎಸೆಯುವುದನ್ನೂ ಮರೆತು ಮೆತ್ತಗಾದ. ಮೆತ್ತಗಾದದ್ದೇ ಓಣಿಯ ಜನಕ್ಕೆ ಸಾಕಾಯಿತು. ಹೆಂಡತಿ ಮುಂದೆ ಗಂಡ ಹಿಂದೆ ನಡೆಯುವುದನ್ನು ನೋಡಿದ ನೆರೆಮನೆಯ ರಾಚವ್ವ ನಳದ ಹತ್ತಿರ, "ಮದ್ದು ಹಾಕ್ಯಾಳ ಬೇ, ಮದ್ದು. ಹೊನವಾಡದಾಕಿ ಅಲ್ಲೇನ, ಆ ಕಡೀ ಮಂದಿಗೆ ಅದೆಲ್ಲಾ ಗೊತ್ತಿರ್ತೈತಿ" ಎಂದಳು. ಗಂಡ ಕೈಯಲ್ಲಿರಲಿ ಎಂದು ಅನ್ನದಲ್ಲಿ ಕಲಸಿ ಹಾಕುವ ಪುಡಿ ಹೊಟ್ಟೆಯಲ್ಲಿ ಗಂಟಾಗಿ ಕೂತು ವರ್ಷಗಟ್ಟಲೆ ಬುದ್ಧಿಯನ್ನು ತಿನ್ನುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಕ್ಕಳಿಲ್ಲದ ಹೆಂಗಸಿನ ಬಗ್ಗೆ ಇಂಥ ಮಾತು ನಿಲ್ಲಲು ಬೇರೆ ಆಧಾರ ಬೇಡ. ಒಂದು ತಿಂಗಳಲ್ಲಿ ಆ ಮಾತು ಅಮರಪ್ಪನ ತಾಯಿ ರುದ್ರವ್ವನ ಬಾಯಿಗೆ ಬಂತು, ಎರಡು ತಿಂಗಳಲ್ಲಿ ಅಡಿಗೆಮನೆ ಸೊಸೆ ಶಂಕ್ರೆವ್ವನ ಕೈಬಿಟ್ಟಿತು.

ಶಂಕ್ರೆವ್ವ ಹಿಂದೆ ಮೂರು ಸೀಟು ಬಿಟ್ಟು ಒಬ್ಬಳೇ ಕೂತಿದ್ದಳು. ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆ ಬೋಗುಣಿ. ಮದ್ದು ತೆಗೆಯುವ ಬಬಲೇಶ್ವರದ ಬೋರವ್ವ ಹೇಳಿ ಕಳಿಸಿದ್ದಳು: ಅಡಿಗೆ ಮಾಡಿ ಬಡಿಸಿದ ಕೈಯೇ ಬೋಗುಣಿ ತರಬೇಕು, ಅದೇ ಕೈ ಹಿಡಿಯಬೇಕು, ಅದರಲ್ಲೇ ವಾಂತಿಯಾಗಬೇಕು. ಬುಡ್ಡೇಸಾಬನ ಅಗತ್ಯ ಇದ್ದದ್ದು ಇಷ್ಟೇ, ಈಚೆಗೆ ಅಮರಪ್ಪ ಅವನ ಮಾತೊಂದನ್ನೇ ಕೇಳುತ್ತಿದ್ದ. ತಾಯಿ ಕರೆದರೆ ಬರುವುದಿಲ್ಲ, ಹೆಂಡತಿ ಕರೆದರೆ ನೋಡುತ್ತಾನೆ, ಬುಡ್ಡೇಸಾಬ "ಬಾರಲೇ" ಎಂದರೆ ಎದ್ದು ಬರುತ್ತಾನೆ. "ನೀ ಬರಬೇಕಪ್ಪಾ, ಇಲ್ಲಂದ್ರ ಅಂವ ಕಷಾಯ ಕುಡಿಯೂದಿಲ್ಲ" ಎಂದು ರುದ್ರವ್ವ ನಿನ್ನೆ ಅವನ ಅಂಗಡಿಯ ಕಟ್ಟೆಗೇ ಬಂದು ನಿಂತಿದ್ದಳು. ಒಳಗಿನಿಂದ ಚಾಂದಬಿ ಗಂಡನ ಮುಖ ನೋಡಿದಳು. ಅವಳೊಬ್ಬಳಿಗೆ ಗೊತ್ತಿತ್ತು.

ಅವಳಿಗಾದರೂ ಯಾಕೆ ಹೇಳಿದೆ? ಮಿರಜದಿಂದ ಬಂದ ದಿನ ಹೇಳದೆ ಇರಲಾಗಲಿಲ್ಲ. ಎರಡು ತಿಂಗಳ ಹಿಂದೆ ಮಿರಜದ ದವಾಖಾನೆಗೆ ಅಮರಪ್ಪನನ್ನು ಕರೆದುಕೊಂಡು ಹೋದವರು ರುದ್ರವ್ವ ಮತ್ತು ಅವನು. ಡಾಕ್ಟರ ಕೋಣೆಯಲ್ಲಿ ಚಪ್ಪಲಿ ಬೇಡ ಎಂದಿದ್ದರಿಂದ ಬುಡ್ಡೇಸಾಬ ಮೂವರ ಚಪ್ಪಲಿಯನ್ನೂ ಕೈಯಲ್ಲಿ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದ. ಬೆಳ್ಳಗಿನ ಕನ್ನಡಕದ ಡಾಕ್ಟರು ಅಮರಪ್ಪನ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ನೆಲದ ಫರಸಿಯ ಗೆರೆಯ ಮೇಲೆ ನಡೆಸಿದರು, ಬೆರಳಿನಿಂದ ಮೂಗು ಮುಟ್ಟಿಸಿದರು. ಆಮೇಲೆ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದರು: "ಇವರು ಬಾಕ್ಸಿಂಗ್ ಆಡ್ತಿದ್ರು ಕಾಯ್? ಮುಷ್ಟಿ ಕಟ್ಟಿ ಹೊಡೆದಾಡೂದು? ತಲಿಗೆ ಪೆಟ್ಟು ಬೀಳೂವಂಥಾದು, ಭಾಳ ವರ್ಷ?" ರುದ್ರವ್ವನಿಗೆ ಅವಮಾನವಾಯಿತು. "ಇಲ್ಲರಿ ಸಾಹೇಬ್ರ, ನನ್ನ ಮಗ ಒಬ್ಬರ ಕೈಲೆ ಒಂದ ಏಟ ತಿಂದಾಂವಲ್ಲ, ಒಬ್ಬರಿಗೆ ಒಂದ ಏಟ ಹಾಕಿದಾಂವಲ್ಲ" ಎಂದಳು. ಡಾಕ್ಟರು ಪೆನ್ನು ಕೆಳಗಿಟ್ಟು, ಖಾತ್ರಿಯಾಗಿ ಏನೂ ಹೇಳಲಾಗದು, ಆದರೆ ಹಾಗೆ ಆಡಿದವರಿಗೆ ಇಂಥ ವಯಸ್ಸಿನಲ್ಲಿ ಹೀಗಾಗುವುದುಂಟು, ಬಿದ್ದು ಎಚ್ಚರ ತಪ್ಪುವ ಒಂದು ದೊಡ್ಡ ಪೆಟ್ಟೇ ಬೇಕೆಂದಿಲ್ಲ, ದಿನಾ ಬೀಳುವ ಸಣ್ಣ ಪೆಟ್ಟುಗಳೇ ಒಳಗೆ ಕೂಡಿಕೊಳ್ಳುತ್ತಾ ಹೋಗುತ್ತವೆ ಎಂದರು. ಬುಡ್ಡೇಸಾಬನ ಕೈಯಿಂದ ಒಂದು ಚಪ್ಪಲಿ ಕೆಳಗೆ ಬಿತ್ತು. ಎಲ್ಲರೂ ತಿರುಗಿ ನೋಡಿದರು. ಅವನು ಬಗ್ಗಿ ಅದನ್ನು ಎತ್ತಿಕೊಂಡ. ಬಗ್ಗಿ ಏಳುವಷ್ಟರಲ್ಲಿ ಹೇಳಬೇಕಾದ ಗಳಿಗೆ ದಾಟಿಹೋಗಿತ್ತು, ಡಾಕ್ಟರು ತಾಕತ್ತಿನ ಗುಳಿಗೆ ಬರೆಯುತ್ತಿದ್ದರು.

ತಂದೆಯ ಕಾಲದಿಂದ ಬುಡ್ಡೇಸಾಬನ ಮನೆಯ ಕಸುಬು ಮೊಟ್ಟೆ ಹೊಲಿಯುವುದು, ಎತ್ತು ಹೂಡಿ ಬಾವಿಯಿಂದ ನೀರೆತ್ತುವ ತೊಗಲಿನ ದೊಡ್ಡ ಚೀಲ. ತಿಕೋಟಾ, ಹೊನವಾಡ, ಬಬಲೇಶ್ವರದ ಬಾವಿಗಳಿಗೆಲ್ಲ ಅವರದೇ ಮೊಟ್ಟೆ. ಎಮ್ಮೆಯ ತೊಗಲನ್ನು ತಂಗಡಿಯ ತೊಗಟೆಯಲ್ಲಿ ಹದ ಮಾಡಿದರೆ ಅದು ನೀರು ಕುಡಿದು ಉಬ್ಬುತ್ತದೆ, ಉಬ್ಬಿ ಹೊಲಿಗೆಯ ತೂತುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಒಂದು ಹನಿ ಸೋರುವುದಿಲ್ಲ. ಬಾವಿಗಳಿಗೆ ಇಂಜಿನ್ನು ಬಂದು ಮೊಟ್ಟೆ ಕೇಳುವವರು ಇಲ್ಲದಾದಾಗ ಬುಡ್ಡೇಸಾಬ ಫುಟ್ಬಾಲ್ ಚೆಂಡು ಹೊಲಿಯಲು ಕೂತ. ಸ್ಟೇಷನ್ನಿನ ಹಿಂದಿನ ಬಯಲಿನಲ್ಲಿ ಆಡುವ ಹುಡುಗರು ಹರಿದ ಚೆಂಡು ತಂದುಕೊಟ್ಟಿದ್ದರು, ಅದನ್ನು ಬಿಚ್ಚಿ ನೋಡಿ ಕಲಿತ. ತೊಗಲು ಮಾತ್ರ ತನಗೆ ಗೊತ್ತಿದ್ದದ್ದೇ ಹಾಕಿದ. ಪರವೂರಿನ ಚೆಂಡು ಆರು ತಿಂಗಳಲ್ಲಿ ಹರಿಯುತ್ತಿತ್ತು, ಬುಡ್ಡೇಸಾಬನ ಚೆಂಡು ಮೂರು ವರ್ಷ ಹೋಗುತ್ತಿತ್ತು. ಎಷ್ಟು ಹೆಮ್ಮೆ ಅವನಿಗೆ! ಬಾಗಲಕೋಟೆಯ ಸಾಲೆಯವರು, ಸೊಲ್ಲಾಪುರದವರು ಹುಡುಕಿಕೊಂಡು ಬಂದರು. ಮಳೆಯಲ್ಲಿ ಆಡಿದರೆ ಆ ಚೆಂಡು ನೀರು ಕುಡಿದು ಕಲ್ಲಿನಂತಾಗುತ್ತದೆ ಎಂದು ಯಾರೋ ಹೇಳಿದಾಗ, ಭಾರ ಇರೂದಕ್ಕ ಅದು ಬಾಳಿಕಿ ಬರ್ತೈತಿ ಎಂದಿದ್ದ. ನೀರು ಕುಡಿಯುವುದು ಮೊಟ್ಟೆಗೆ ಗುಣ. ಅದು ಚೆಂಡಿಗೂ ಗುಣವೇ ಎಂದು ಅವನು ಎಂದೂ ಕೇಳಿಕೊಳ್ಳಲಿಲ್ಲ. ಅಷ್ಟೇ ಆಗಿದ್ದರೆ ತಪ್ಪು ಎಲ್ಲರ ಮೇಲೂ ಹಂಚಿಹೋಗುತ್ತಿತ್ತು. ಆ ಚೆಂಡಿನಲ್ಲಿ ಆಡಿದವರು ನೂರಾರು ಜನ. ಅದೇ ಚೆಂಡನ್ನು ತಲೆಯಿಂದ ಹೊಡೆಯುತ್ತಿದ್ದ ಕಾಸಿಮಸಾಬ ಇವತ್ತಿಗೂ ನೆಟ್ಟಗಿದ್ದಾನೆ, ನಾಲ್ಕು ಮಕ್ಕಳ ಮದುವೆ ಮಾಡಿದ್ದಾನೆ. ಆದರೆ ಚೆಂಡು ಹೊಲಿದಾದ ಮೇಲೆ ಪರೀಕ್ಷೆ ಮಾಡಬೇಕಲ್ಲ.

ಗುಂಡಗಾಗಲೆಂದು ಚೆಂಡನ್ನು ನೀರಿನಲ್ಲಿ ನೆನೆಸಿ, ಬ್ಲಾಡರಿಗೆ ಬಿಗಿಯಾಗಿ ಗಾಳಿ ಹಾಕಿ, ಹಸಿ ಇರುವಾಗಲೇ ನೋಡಬೇಕು. ಒಣಗಿದ ಮೇಲೆ ಹೊಲಿಗೆ ಬಿಚ್ಚಲು ಬರುವುದಿಲ್ಲ. ಕಾಲಿನಿಂದ ಒದ್ದರೆ ಒದ್ದ ಕಾಲಿನ ದೋಷವೋ ಚೆಂಡಿನ ದೋಷವೋ ತಿಳಿಯದು. ಹಣೆಗೆ ಎಸೆದು ನೋಡಬೇಕು. ಹಣೆಗೆ ಬಡಿದ ಚೆಂಡು ಎಸೆದವನ ಕೈಗೆ ನೇರ ಬಂದರೆ ಹೊಲಿಗೆ ಸರಿ. ಇದನ್ನು ಕಂಡುಹಿಡಿದವನು ಬುಡ್ಡೇಸಾಬನೇ, ಹಣೆ ಅಮರಪ್ಪನದು. ಹದಿನೆಂಟು ವರ್ಷ, ಹೊಲಿದ ಪ್ರತಿಯೊಂದು ಚೆಂಡೂ ಆ ಹಣೆಯನ್ನು ಮುಟ್ಟಿಯೇ ಊರು ಬಿಟ್ಟು ಹೋಗಿತ್ತು. ಒಂದೊಂದಕ್ಕೆ ಇಪ್ಪತ್ತು ಸಲ, ಎಡಕ್ಕೆ ಎಳೆದರೆ ಬಿಚ್ಚಿ ಹೊಲಿದು ಮತ್ತೆ ಇಪ್ಪತ್ತು. ಗೋದಾಮಿನ ಕೆಲಸ ಮುಗಿಸಿ ಮನೆಗೆ ಹೋಗುವ ಮೊದಲು ಬಂದು ಅಂಗಡಿಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. "ಹೆಂಗೈತಲೇ?" "ಸ್ವಲ್ಪ ಎಡಕ್ಕ ಹೊಂಟತಿ ಮಾಮಾ. ಒಗಿ ಇನ್ನೊಮ್ಮೆ." ಹಸಿ ತೊಗಲು ಹಣೆಗೆ ಬಡಿಯುವ ಆ ಸದ್ದು, ಒದ್ದೆ ಅರಿವೆಯನ್ನು ಕಲ್ಲಿಗೆ ಬಡಿದ ಹಾಗೆ. ಮುಗಿದ ಮೇಲೆ ಅಮರಪ್ಪ ಗೋಡೆ ಹಿಡಿದು ನಿಧಾನ ಕೂರುತ್ತಿದ್ದ, ಕಣ್ಣು ಮುಚ್ಚಿಕೊಂಡು ನಗುತ್ತಿದ್ದ. "ಹಗಲ ಹೊತ್ನಾಗ ಚುಕ್ಕಿ ತೋರಸ್ತೀ ನೋಡು ಮಾಮಾ." "ಎಷ್ಟದಾವ ನೋಡಿ ಹೇಳಲೇ," ಎಂದು ಬುಡ್ಡೇಸಾಬನೂ ನಗುತ್ತಿದ್ದ. ಚಾಂದಬಿ ಚಹಾ ತರುತ್ತಿದ್ದಳು. ಕೆಲವು ದಿನ ಅಮರಪ್ಪ ಚಹಾದ ಬಸಿಯನ್ನು ಬಾಯಿಗೆ ಒಯ್ಯುವಾಗ ಕೈ ನಡುಗಿ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಿದ್ದ. ಅದನ್ನು ಆಗ ನೋಡಿದ್ದೆನೆ, ಅಥವಾ ಈಗ ನೋಡಿದ ಹಾಗೆ ಅನ್ನಿಸುತ್ತಿದೆಯೆ? ಮಿರಜದಿಂದ ಬಂದಮೇಲೆ ಬುಡ್ಡೇಸಾಬನಿಗೆ ತನ್ನ ನೆನಪಿನ ಮೇಲೂ ನಂಬಿಕೆ ಹೋಗಿತ್ತು. "ಬಾಯಿ ಮುಚ್ಚಿಕೊಂಡಿರ್ರಿ," ಎಂದು ಚಾಂದಬಿ ಅಂದೇ ಹೇಳಿದ್ದಳು. "ಡಾಕ್ಟರನ ಖಾತ್ರಿ ಇಲ್ಲ ಅಂದಾನ. ನೀವ್ಯಾಕ ಖಾತ್ರಿ ಮಾಡ್ತೀರಿ? ನಾಳೆ ಮನಿಮುಂದ ಮಂದಿ ಬಂದು ನಿಂತ್ರ ಯಾರು ಉತ್ತರಾ ಕೊಡಾವ್ರು?" ಅವನು ಬಾಯಿ ಮುಚ್ಚಿಕೊಂಡ. ಅವನ ಬಾಯಿ ಮುಚ್ಚಿದಷ್ಟೂ ಶಂಕ್ರೆವ್ವನ ಮೇಲಿನ ಮಾತು ಬಾಯಿ ತೆರೆಯುತ್ತಾ ಹೋಯಿತು. ಒಂದು ದಿನ ನಳದ ಹತ್ತಿರ ಅವಳ ಕೊಡವನ್ನು ಸಾಲಿನಿಂದ ತೆಗೆದು ಹಿಂದಿಟ್ಟರು. ಅವನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ, ಕೈಯಲ್ಲಿ ಯಾರದೋ ಹರಿದ ಚಪ್ಪಲಿ ಇತ್ತು.

"ಇಳೀರಿ, ಬಬಲೇಶ್ವರ," ಎಂದು ಕಂಡಕ್ಟರ್ ಕೂಗಿದ. ಅಮರಪ್ಪನ ಕೈ ಇನ್ನೂ ಮೊಣಕಾಲ ಮೇಲಿತ್ತು.

ಬೋರವ್ವನ ಅಂಗಳದಲ್ಲಿ ಆಗಲೇ ಏಳೆಂಟು ಜನ ಇದ್ದರು, ಕೆಲವರು ತೆಗೆಸಿಕೊಳ್ಳುವವರು, ಕೆಲವರು ಬರಿ ನೋಡುವವರು. ಬೋರವ್ವ ದಪ್ಪನೆಯ, ನಗುಮುಖದ ಹೆಂಗಸು. ಭಯಪಡಿಸುವಂಥದ್ದೇನೂ ಅವಳಲ್ಲಿರಲಿಲ್ಲ, ಅದೇ ಬುಡ್ಡೇಸಾಬನಿಗೆ ಭಯ ಹುಟ್ಟಿಸಿತು. "ಬಾ ನನ್ನಪ್ಪಾ, ಕುಂಡ್ರು. ಎಂಥಾ ಆಳು, ಎಂಥಾ ಭುಜ! ಇಂಥಾ ಗಂಡನ್ನ ಇಟಗೊಂಡು ಇನ್ನ ಯಾತರ ಮದ್ದು ಬೇಕಾಗಿತ್ತವ್ವಾ ನಿನಗ?" ಎಂದು ಶಂಕ್ರೆವ್ವನ ಗಲ್ಲ ಹಿಡಿದು ಅಲ್ಲಾಡಿಸಿದಳು. ಹೆಂಗಸರು ನಕ್ಕರು. ಶಂಕ್ರೆವ್ವ ನೆಲ ನೋಡಿದಳು. "ಸಾಬಾ, ನೀ ಅಲ್ಲೇ ಬಾಗಲದಾಗ ಇರು. ಕುಡಿ ಅಂತ ಅಲ್ಲಿಂದನ ಹೇಳು ಸಾಕು." ಬುಡ್ಡೇಸಾಬ ಅಂಗಳದ ಬಾಗಿಲಲ್ಲಿ ನಿಂತ. ಯಾವುದೋ ಸೊಪ್ಪಿನ ರಸವನ್ನು ಹುಳಿ ಮಜ್ಜಿಗೆಯಲ್ಲಿ ಕದಡಿ ತಂದರು. ಅಮರಪ್ಪ ಮೂಸಿ ನೋಡಿ ಮುಖ ತಿರುಗಿಸಿದ, ಆಮೇಲೆ ಬಾಗಿಲ ಕಡೆ ನೋಡಿದ. "ಕುಡಿಯಲೇ," ಎಂದ ಬುಡ್ಡೇಸಾಬ. ಅವನು ಕುಡಿದ. ಒಂದು ಹನಿ ಬಿಡದೆ ಕುಡಿದು, ಸರಿ ಮಾಡಿದೆನೆ ಎಂದು ಕೇಳುವ ಹಾಗೆ ಮತ್ತೆ ಇತ್ತಲೇ ನೋಡಿದ.

ಆಮೇಲಿನದು ಒಂದು ತಾಸು ನಡೆಯಿತು. ಶಂಕ್ರೆವ್ವ ಎರಡೂ ಕೈಯಲ್ಲಿ ಬೋಗುಣಿ ಹಿಡಿದು ಗಂಡನ ಎದುರು ಮೊಣಕಾಲೂರಿದ್ದಳು. ಅವನು ಎಳೆದೆಳೆದು ಕಕ್ಕುತ್ತಿದ್ದ, ಕುತ್ತಿಗೆಯ ನರಗಳು ಹಗ್ಗದಂತಾಗಿದ್ದವು, ಪ್ರತಿ ಸಲವೂ ಬುಡ್ಡೇಸಾಬ ಆ ತಲೆಯೊಳಗೆ ಏನಾಗುತ್ತಿರಬಹುದು ಎಂದು ಯೋಚಿಸಿ ತಾನೇ ಕಣ್ಣು ಮುಚ್ಚುತ್ತಿದ್ದ. ಹನಿಗಳು ಅವಳ ಕೈಮೇಲೆ, ಮುಖದ ಮೇಲೆ ಸಿಡಿದವು. ಒರೆಸಿಕೊಳ್ಳಲು ಹೋದರೆ ಬೋರವ್ವ "ಕೈ ಬಿಡಬ್ಯಾಡ, ಕೈ ಬಿಡಬ್ಯಾಡ" ಎನ್ನುತ್ತಿದ್ದಳು. ಕೊನೆಗೆ ಬೋರವ್ವ ಅವನ ಬಾಯಿಯೊಳಗೆ ಎರಡು ಬೆರಳು ಹಾಕಿದಳು, ಏನೋ ಬೋಗುಣಿಗೆ ಬಿತ್ತು. ಕಡ್ಡಿಯಿಂದ ಎತ್ತಿ ತೋರಿಸಿದಳು. ಕಪ್ಪಗೆ ಹುಣಸೆ ಬೀಜದಷ್ಟು, ಕೂದಲು ಸುತ್ತಿದ ಉಂಡೆ. "ನೋಡ್ರವ್ವಾ. ಎಷ್ಟ ವರ್ಷದ್ದೋ. ಬೇರ ಬಿಟ್ಟತಿ." ಅದನ್ನು ಕಲ್ಲಿನ ಮೇಲಿಟ್ಟು ಜಜ್ಜಿದಳು. ಬುಡ್ಡೇಸಾಬ ಎರಡು ಹೆಜ್ಜೆ ಒಳಗೆ ಬಂದು ನೋಡಿದ. ಉಂಡೆಯ ಒಳಗಡೆ ಒಣಗಿತ್ತು. ಯಾವ ವಸ್ತು ಎಷ್ಟು ಹೊತ್ತಿನಲ್ಲಿ ನೀರು ಕುಡಿಯುತ್ತದೆ ಎಂಬುದೊಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಹೊಟ್ಟೆಯಲ್ಲಿ ವರ್ಷ ಇರುವುದಿರಲಿ, ಬಾಯಲ್ಲಿ ಒಂದು ಗಳಿಗೆ ಇದ್ದದ್ದಲ್ಲ.

ರುದ್ರವ್ವ ಎದ್ದು ನಿಂತಳು. ಬೈಯುತ್ತಾಳೆ, ಅಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಬಹಳ ಮೆತ್ತಗೆ ಹೇಳಿದಳು: "ಇಲ್ಲಿಂದನ ಹೊನವಾಡಕ್ಕ ಹೋಗವ್ವಾ, ನಿನ್ನ ತವರಮನಿಗೆ. ಮಧ್ಯಾಹ್ನದ ಬಸ್ಸೈತಿ. ನನ್ನ ಹೊಸ್ತಲಾ ತುಳೀಬ್ಯಾಡ."

"ಅದು ಮದ್ದಲ್ಲ," ಎಂದ ಬುಡ್ಡೇಸಾಬ. ತನ್ನ ದನಿ ಇಷ್ಟು ಸಣ್ಣಗಿದೆಯೇ ಎಂದು ಅವನಿಗೇ ಆಶ್ಚರ್ಯವಾಯಿತು. ಯಾರೂ ಕೇಳಿಸಿಕೊಳ್ಳಲಿಲ್ಲ. ಮತ್ತೆ ಹೇಳಿದ: "ಅದು ಮದ್ದಲ್ಲ ಯವ್ವಾ. ನನ್ನ ಚೆಂಡು. ಅವನ ಬುದ್ಧಿ ಕೆಡಿಸಿದ್ದು ನನ್ನ ಚೆಂಡು."

ಜನ ಅವನ ಕಡೆ ತಿರುಗಿದರು. ಆಮೇಲೆ ಬೋರವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಚೆಂಡ? ಚೆಂಡು ಹೊಟ್ಟ್ಯಾಗ ಹೆಂಗ ಹೋತೋ ಸಾಬಾ? ಗಾಳಿ ತಗದು ನುಂಗಿದ್ನೇನು?" ಎಂದಳು. ನಗು ಎದ್ದಿತು. ಅದುವರೆಗೆ ಅಳುತ್ತ ಕೂತಿದ್ದ ಒಬ್ಬ ಮುದುಕಿಯೂ ನಕ್ಕಳು. ಅವನು ಮಿರಜದ ಡಾಕ್ಟರು ಹೇಳಿದ್ದನ್ನು ಹೇಳಲು ಹೋದ, ಹಣೆ, ಹಸಿ ತೊಗಲು, ಇಪ್ಪತ್ತು ಸಲ ಎಂದೆಲ್ಲ ಒಂದರ ಮೇಲೊಂದು ಬಿದ್ದು ಮಾತು ಗಂಟಾಯಿತು. ಯಾರೋ "ಹಂಗಾದ್ರ ತಲಿ ಮ್ಯಾಲ ಕೊಡಾ ಹೊರೂ ನಮ್ಮ ಗತಿ ಏನವ್ವಾ" ಎಂದರು, ಇನ್ನಷ್ಟು ನಗು. ನಗದಿದ್ದವಳು ರುದ್ರವ್ವ ಒಬ್ಬಳೇ. ಅವಳು ಬಂದು ಅವನ ಕೈಮೇಲೆ ಕೈಯಿಟ್ಟಳು. ಇಷ್ಟು ವರ್ಷದಲ್ಲಿ ಅವಳು ಅವನನ್ನು ಮುಟ್ಟಿದ್ದು ಅದೇ ಮೊದಲು. "ನೀ ದೊಡ್ಡಾಂವದಿ ಬುಡ್ಡೇಸಾಬಾ. ಆಕೀ ಮಾನಾ ಉಳಸಾಕ ನಿನ್ನ ಮ್ಯಾಲ ಹಾಕ್ಕೊಳ್ಳಾಕತ್ತಿ. ಹೆತ್ತಾಕಿಗೆ ಅಷ್ಟೂ ತಿಳೀದಿಲ್ಲೇನು? ಬ್ಯಾಡಪ್ಪಾ." ಅವಳ ಕಣ್ಣಲ್ಲಿ ನಿಜವಾದ ಮಮತೆ ಇತ್ತು. ಬುಡ್ಡೇಸಾಬ ಆ ಕೈಯನ್ನು ಕೊಡವಲಾರದೆ, ಆ ಮಮತೆಯನ್ನು ಹೊರಲಾರದೆ ನಿಂತ. ಎಲ್ಲಕ್ಕಿಂತ ನಾಚಿಕೆಯದೆಂದರೆ ಆಗ ಅವನ ಎದೆಯೊಳಗೆ ಏನೋ ಹಗುರಾದದ್ದು. ಹೇಳಿಯಾಯಿತಲ್ಲ, ಇನ್ನೇನು ಮಾಡಲಿ ಎಂದು ಒಳಗೊಬ್ಬ ಆಗಲೇ ಹೊರಡಲು ಎದ್ದಿದ್ದ.

ಬಸ್ಸು ನಿಲ್ಲುವ ತಗಡಿನ ಚಪ್ಪರದ ಕೆಳಗೆ ಕಲ್ಲಿನ ಮೇಲೆ ಅಮರಪ್ಪ ಸೋತು ಮಲಗಿದ್ದ. ನಲವತ್ತು ದಿನ ತಿನ್ನಿಸಬೇಕಾದ ಪುಡಿ ಕಟ್ಟಿಸಿಕೊಳ್ಳಲು ರುದ್ರವ್ವ ಹಿಂದೆಯೇ ಉಳಿದಿದ್ದಳು. ತಿಕೋಟಾ ಮೇಲೆ ಹೊನವಾಡಕ್ಕೆ ಹೋಗುವ ಬಸ್ಸು ಇನ್ನೂ ಬಂದಿರಲಿಲ್ಲ. ಶಂಕ್ರೆವ್ವ ಹೋಟೆಲಿನವನ ಹತ್ತಿರ ನೀರು ಕೇಳಿ ಬೋಗುಣಿ ತೊಳೆದಳು, ಮುಖ ತೊಳೆದಳು, ಸೆರಗಿನ ತುದಿ ಒದ್ದೆ ಮಾಡಿ ಗಂಡನ ಬಾಯಿಯ ಮೂಲೆಗಳನ್ನು ಒರೆಸಿದಳು. ಅವಸರವಿಲ್ಲದ, ದಿನಾ ಮಾಡಿ ರೂಢಿಯಾದ ಕೆಲಸ. ಬುಡ್ಡೇಸಾಬ ಸ್ವಲ್ಪ ದೂರ ನಿಂತು, ಇವಳಿಗಾದರೂ ಸರಿಯಾಗಿ ಹೇಳಬೇಕು, ಇವಳು ನಂಬಿದರೆ ಸಾಕು, ಎಂದು ಮಾತು ಜೋಡಿಸುತ್ತಿದ್ದ. "ತಂಗೀ, ನಾ ಅಲ್ಲಿ ಹೇಳಿದ್ದು ನಿನ್ನ ಉಳಸಾಕಲ್ಲ. ಖರೇನ ಹೇಳಿದೆ. ಆ ಉಂಡಿ ಒಳಗ ಒಣಗಿತ್ತು, ನಾ ನೋಡೇನಿ. ಆಕಿ ಬೆರಳಸಂದಿನಾಗ ಇಟ್ಕೊಂಡಿದ್ಲು."

"ಇರಬಹುದಣ್ಣಾ," ಎಂದಳು ಶಂಕ್ರೆವ್ವ. ಸೆರಗು ಹಿಂಡಿದಳು. "ಆದ್ರ ನಾ ಹಾಕೀನಿ."

ಅವನಿಗೆ ತಿಳಿಯಲಿಲ್ಲ.

"ಮದ್ದು. ನಾ ಹಾಕೀನಿ. ಲಗ್ನ ಆದ ವರ್ಷ. ಗೋದಾಮು ಬಿಟ್ರ ನಿಮ್ಮಲ್ಲಿ, ನಿಮ್ಮಲ್ಲಿ ಬಿಟ್ರ ಆ ಬಯಲಿನ್ಯಾಗ. ಮನಿಗೆ ಬಂದ್ರ ತಲಿ ನೋಯ್ತೈತಿ ಅಂತ ಗ್ವಾಡಿಕಡೆ ಮಾರಿ ಮಾಡಿ ಮಲಗೂದು. ನಾ ಏನ್ ಮಾಡ್ಲಿ, ಹತ್ತೊಂಬತ್ತು ವರ್ಷದಾಕಿ. ತಿಕೋಟಾದಾಗ ನಮ್ಮ ಚಿಗವ್ವ ಒಬ್ಬಾಕಿ ಒಂದ ಚಿಟಿಕಿ ಪುಡಿ ಕಟ್ಟಿ ಕೊಟ್ಲು. ಅಂಬಲ್ಯಾಗ ಹಾಕಿದೆ. ಚೆಂಡು ಬಿಟ್ಟು ಮನ್ಯಾಗ ಇರಲಿ ಅಂತ."

ತಲೆ ನೋಯುತ್ತದೆ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದನೆ? ಇಪ್ಪತ್ತು ವರ್ಷದಲ್ಲಿ ಇದು ತನಗೆ ಗೊತ್ತಿರಲಿಲ್ಲ. ನಗುತ್ತ ಎದ್ದು ಹೋದವನು ಮನೆಯಲ್ಲಿ ಹೀಗೆ ಮಲಗುತ್ತಿದ್ದ. ಬುಡ್ಡೇಸಾಬ ಕಲ್ಲಿನ ಹತ್ತಿರ ಬಂದ. "ಅದು ಕೆಲಸ ಮಾಡಿದ್ರ ಅಂವ ಚೆಂಡು ಬಿಡಬೇಕಾಗಿತ್ತಲ್ಲ? ಬಿಡಲಿಲ್ಲಲ್ಲ? ಅಲ್ಲಿಗೆ ಅದು ಸುಳ್ಳು ಪುಡಿ ತಂಗೀ, ಬರೇ ಬೂದಿ."

"ಬಿಡಲಿಲ್ಲಂತ ಇನ್ನೊಮ್ಮೆ ಹಾಕಿದೆ," ಎಂದಳು. ಅವಳ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. "ಎರಡ ಪಟ್ಟು."

ಅವನು ಹೇಳಿದ. ಈ ಸಲ ಗಂಟಾಗದೆ ಎಲ್ಲ ಹೇಳಿದ: ಮೊಟ್ಟೆಯ ತೊಗಲು ನೀರು ಕುಡಿಯುವುದು, ಹಸಿ ಚೆಂಡು, ಗೋಡೆ, ಮಿರಜದಲ್ಲಿ ಕೈಯಿಂದ ಬಿದ್ದ ಚಪ್ಪಲಿ. ನಳದ ಹತ್ತಿರ ಅವಳ ಕೊಡ ಹಿಂದಿಟ್ಟಾಗ ತಾನು ಕಟ್ಟೆಯ ಮೇಲಿದ್ದದ್ದನ್ನೂ ಹೇಳಿದ. ಅವಳು ಗಂಡನ ತಲೆಯನ್ನು ಸ್ವಲ್ಪ ಎತ್ತಿ ಅದರ ಕೆಳಗೆ ಮಡಿಸಿದ ಬಟ್ಟೆಯಿಟ್ಟು ಕೇಳಿಸಿಕೊಂಡಳು. ನಂಬುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು, ಯಾಕೆಂದರೆ ಅವಳ ಕೈ ಆ ಹಣೆಯ ಮೇಲೆ ಹೋಗಿ ನಿಂತಿತು. ಕೈ ತೆಗೆಯದೆ ಕೇಳಿದಳು:

"ನಿಮಗ ಗೊತ್ತಿತ್ತೇನಣ್ಣಾ, ಹಿಂಗಾಗ್ತೈತಿ ಅಂತ?"

"ಅಲ್ಲಾನ ಆಣಿ, ಗೊತ್ತಿರಲಿಲ್ಲ."

"ನನಗ ಗೊತ್ತಿತ್ತು," ಎಂದಳು ಶಂಕ್ರೆವ್ವ. "ಬುದ್ಧಿ ಮೆತ್ತಗ ಆಗ್ತೈತಿ ಅಂತ ಚಿಗವ್ವ ಹೇಳೇ ಕೊಟ್ಟಿದ್ಲು. ಆಗಲಿ ಅಂತನ ಹಾಕೀನಿ."

ಬುಡ್ಡೇಸಾಬ ತನ್ನ ತಪ್ಪನ್ನು ಕೊಟ್ಟು ಅವಳದನ್ನು ಬಿಡಿಸಿಕೊಳ್ಳಬಹುದೆಂದು ಬಂದಿದ್ದ. ಅವಳು ಅದನ್ನೂ ಕೇಳಿಸಿಕೊಂಡು, ತನ್ನದನ್ನು ತಾನೇ ಇಟ್ಟುಕೊಂಡಳು.

ಬಸ್ಸು ಬಂತು. ಅವಳು ಗಂಡನ ಅಂಗಿಯ ತಪ್ಪಿದ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿ ಎದ್ದಳು, "ಮಾಮಾನ ಜೋಡಿ ಮನಿಗೆ ಹೋಗ್ರಿ" ಎಂದಳು, ಹತ್ತಿದಳು. ಆಗ ಅಮರಪ್ಪ ಎದ್ದು ಕೂತ. ಎದ್ದು ನಿಂತ. ಕಲ್ಲಿನ ಮೇಲೆ ಅವಳು ಬಿಟ್ಟಿದ್ದ ಬೋಗುಣಿಯನ್ನು ತೆಗೆದುಕೊಂಡು, ತೂರಾಡುವ ಕಾಲಲ್ಲಿ ನಡೆದು ಬಸ್ಸು ಹತ್ತಿದ. ಅವಳ ಪಕ್ಕದ ಕಿಟಕಿಯ ಸೀಟಿನಲ್ಲಿ ಕೂತು, ಅವಳಿಗೆ ಜಾಗ ಸಾಲದೇನೋ ಎಂದು ಇನ್ನಷ್ಟು ಆಚೆ ಸರಿದು, ಬೋಗುಣಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಅದೇ ಹೊತ್ತಿಗೆ ಓಣಿಯ ತಿರುವಿನಿಂದ ಪುಡಿಯ ಪೊಟ್ಟಣ ಹಿಡಿದ ರುದ್ರವ್ವ ಓಡುತ್ತ ಬಂದಳು. "ಏ ಅಮರ್ಯಾ! ಇಳೀಯೋ! ಬುಡ್ಡೇಸಾಬಾ, ಇಳಸೋ ಅವನ್ನ! ನೀ ಕರದ್ರ ಬರ್ತಾನ, ಕರೀಯೋ!"

ಅಮರಪ್ಪ ಕಿಟಕಿಯಿಂದ ಬುಡ್ಡೇಸಾಬನನ್ನು ನೋಡಿದ. ಏನು ಹೇಳಿದರೂ ಮಾಡಲು ತಯಾರಾಗಿ ನೋಡಿದ. ಕಂಡಕ್ಟರ್ ಹಗ್ಗ ಹಿಡಿದು, "ಹೇಳ್ರಿ ಬೇಗ, ಇಳಿಯಾವ್ರೋ ಬರಾವ್ರೋ?" ಎಂದ. ಶಂಕ್ರೆವ್ವ ತಲೆ ತಗ್ಗಿಸಿದ್ದಳು. ಅವಳು ಅವನಿಂದ ಏನನ್ನೂ ಬೇಡುತ್ತಿರಲಿಲ್ಲ. ಬುಡ್ಡೇಸಾಬ ಚಪ್ಪರದ ತಗಡಿನ ಕಡೆ ಮುಖ ತಿರುಗಿಸಿದ. ಗಂಟೆ ಹೊಡೆಯಿತು. ಧೂಳು ಬಂತು. ಅವನು ತಿರುಗಿದಾಗ ರುದ್ರವ್ವ ರಸ್ತೆಯ ನಡುವೆ ನಿಂತಿದ್ದಳು.

ವಿಜಾಪುರದ ಬಸ್ಸಿನಲ್ಲಿ ಅವಳು ಅವನ ಪಕ್ಕದಲ್ಲೇ ಕೂತಳು, ಬೈಯಲು ಅನುಕೂಲವಾಗಲೆಂದು. ಮೊದಲು ಅತ್ತಳು, ಆಮೇಲೆ ಇಡೀ ಬಸ್ಸಿಗೆ ಕೇಳುವಂತೆ ಸುರುಮಾಡಿದಳು. "ಒಂದ ಮಾತು, ಒಂದ ಮಾತು ಅಂದಿದ್ರ ಇಳೀತಿದ್ದ. ಬಾಯಾಗ ಏನ್ ಕಡಬು ಇಟ್ಕೊಂಡಿದ್ದೆ? ನನ್ನ ಕೂಸನ್ನ ಆ ರಾಕ್ಷಸಿ ಕೈಯಾಗ ಕೊಟ್ಟ ಕಳಿಸಿದೆಲ್ಲೋ. ಮೀಸಿ ಮೂಡೂ ಮೊದಲಿಂದ ನಿನ್ನ ಮನ್ಯಾಗ ಬಿದ್ದಿರತಿದ್ದ, ಅವ್ವ ಅಂದ್ರ ಕೇಳತಿದ್ದಿಲ್ಲ, ಮಾಮಾ ಅಂದ್ರ ಓಡತಿ‌ದ್ದ. ನನ್ನ ಮಗನ್ನ ನೀನ ಹಾಳ ಮಾಡಿದೆ ಬುಡ್ಡೇಸಾಬಾ, ನೀನ!"

"ಹೌದಬೇ ಯವ್ವಾ," ಎಂದ ಬುಡ್ಡೇಸಾಬ. "ನಾನ."

ಅವಳು ಅವನ ಮುಖ ನೋಡಿದಳು. ಆಮೇಲೆ ಇನ್ನೂ ಜೋರಾಗಿ ಬೈಯತೊಡಗಿದಳು. ಇಂಜಿನ್ನಿನ ಸದ್ದಿನಲ್ಲಿ ಒಂದು ಮಾತೂ ತಪ್ಪಿಹೋಗಬಾರದೆಂದು ಬುಡ್ಡೇಸಾಬ ಅವಳ ಕಡೆಗೆ ಬಾಗಿ ಕೂತ.